ನ್ಯಾನೊ ಎಂದರೆ ಮಂತ್ರವಲ್ಲ, ಒಂದು ಅಳತೆ

ಕಳೆದ ಮಳೆಗಾಲದಲ್ಲಿ ನಮ್ಮ ಸಂಬಂಧಿಕರೊಬ್ಬರ ಮನೆಗೆ ಇಬ್ಬರು ಬಂದರು. ಹೆಗಲಲ್ಲಿ ಬ್ಯಾಗು, ಕೊರಳಲ್ಲಿ ಗುರುತಿನ ಕಾರ್ಡು, ನಯವಾದ ಮಾತು. ಬ್ಯಾಗಿನಿಂದ ಹೆಬ್ಬೆರಳು ಗಾತ್ರದ ಬಾಟಲಿ ತೆಗೆದು, "ಇದು ನ್ಯಾನೊ ಸಿಲ್ವರ್ ಹನಿ. ಬೆಳಿಗ್ಗೆ ನೀರಿಗೆ ಐದು ಹನಿ ಹಾಕಿ ಕುಡೀರಿ. ಶುಗರ್, ಗಂಟು ನೋವು ಎಲ್ಲ ಹೋಗ್ತದೆ" ಅಂದರು. ಆ ಮನೆಯ ಮಾಮಿಗೆ ಹದಿನೈದು ವರ್ಷದಿಂದ ಶುಗರ್ ಉಂಟು. "ಎಂತ ಇದು ನ್ಯಾನೊ ಅಂದ್ರೆ?" ಎಂದು ಅವರು ಕೇಳಿದರು. "ಹೊಸ ಸಾಯನ್ಸ್ ಉಮ್ಮಾ, ಫಾರಿನ್‌ನದ್ದು" ಎಂಬ ಉತ್ತರ ಬಂತು. ಮಗ ಗಲ್ಫ್‌ನಿಂದ ಕಳುಹಿಸಿದ ದುಡ್ಡಿನಲ್ಲಿ 2,800 ರೂಪಾಯಿ ಬಾಟಲಿಗೆ ಹೋಯಿತು.

ದುಡ್ಡು ಹೋದದ್ದು ದೊಡ್ಡದಲ್ಲ. ಹನಿ ಇದೆಯಲ್ಲ ಅಂತ ಮಾಮಿ ಡಾಕ್ಟರು ಬರೆದುಕೊಟ್ಟ ಮಾತ್ರೆ ನಿಲ್ಲಿಸಿಬಿಟ್ಟರು. ಮೂರು ವಾರದಲ್ಲಿ ಶುಗರ್ 400 ದಾಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ದೇವರ ದಯೆಯಿಂದ ಹುಷಾರಾಗಿ ಮನೆಗೆ ಬಂದರು.

ನೋಡಲು ಹೋದಾಗ ನಮಗೆ ಅನಿಸಿದ್ದು ಇಷ್ಟು. ಮಾಮಿ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು, ಆದರೆ ಸರಿಯಾದ ಉತ್ತರ ಕೊಡುವವರು ಯಾರೂ ಅಲ್ಲಿರಲಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಸಾಯನ್ಸ್ ಓದುವ ಮಕ್ಕಳಿದ್ದಾರೆ. ಪೇಟೆಯಲ್ಲಿ ನೀರಿನ ಫಿಲ್ಟರು, ಕ್ರೀಮು, ಬಟ್ಟೆ, ಟಿವಿ ಎಲ್ಲದರ ಮೇಲೂ 'ನ್ಯಾನೊ' ಎಂದು ಬರೆದಿರುತ್ತದೆ. ಹಾಗಾಗಿ ಮಾಮಿಯ ಆ ಪ್ರಶ್ನೆಗೆ ಈ ವಾರ ಉತ್ತರ ಕೊಡೋಣ ಅಂದುಕೊಂಡೆವು.

ಎಷ್ಟು ಸಣ್ಣದು?

ನ್ಯಾನೊ ಎಂಬುದು ಒಂದು ವಸ್ತುವಿನ ಹೆಸರಲ್ಲ, ಔಷಧಿಯೂ ಅಲ್ಲ. ಕಿಲೊ, ಮಿಲಿ ಇದ್ದ ಹಾಗೆ ಅದೊಂದು ಅಳತೆಯ ಮಾತು. ಒಂದು ಮೀಟರನ್ನು 100 ಕೋಟಿ ಸಮಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರದಿಂದ 1 ಲಕ್ಷ ನ್ಯಾನೊಮೀಟರ್. ರಕ್ತದ ಕೆಂಪು ಕಣ ಸುಮಾರು 7 ಸಾವಿರ. ಕೊರೋನಾ ವೈರಸ್ ಸುಮಾರು 100. ಚಿನ್ನದ ಮೂರು ಪರಮಾಣುಗಳನ್ನು ಸಾಲಾಗಿ ಇಟ್ಟರೆ ಹತ್ತಿರ ಹತ್ತಿರ 1 ನ್ಯಾನೊಮೀಟರ್ ಆಗುತ್ತದೆ. ನಮ್ಮ ಕೈಯುಗುರು ಒಂದು ಸೆಕೆಂಡಿಗೆ ಹೆಚ್ಚು ಕಡಿಮೆ ಇಷ್ಟೇ ಬೆಳೆಯುತ್ತದೆ. ಒಂದು ನ್ಯಾನೊಮೀಟರ್ ಮಕ್ಕಳು ಆಡುವ ಗೋಲಿಯಷ್ಟಿದ್ದರೆ, ಒಂದು ಮೀಟರ್ ಇಡೀ ಭೂಮಿಯಷ್ಟು ದೊಡ್ಡದಾಗಿರುತ್ತಿತ್ತು.

ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಒಳಗಿನ ಕಣ, ಎಳೆ, ಪದರಗಳನ್ನು ನ್ಯಾನೊ ವಸ್ತುಗಳು ಎನ್ನುತ್ತಾರೆ. ಅವನ್ನು ತಯಾರಿಸಿ ಕೆಲಸಕ್ಕೆ ಹಚ್ಚುವ ವಿದ್ಯೆಯೇ ನ್ಯಾನೊ ತಂತ್ರಜ್ಞಾನ. ಹೆಸರು ಕೇಳಿ ಮೋಸ ಹೋಗಬಾರದು ಎಂಬುದಕ್ಕೆ ಒಂದು ತಮಾಷೆಯ ಉದಾಹರಣೆ ಉಂಟು. ಟಾಟಾ ನ್ಯಾನೊ ಕಾರಿನ ಉದ್ದ 3 ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಅಂದರೆ 300 ಕೋಟಿ ನ್ಯಾನೊಮೀಟರ್‌ಗಿಂತ ಜಾಸ್ತಿ!

ಸಣ್ಣದಾದರೆ ಏನು ವಿಶೇಷ?

ಅಡುಗೆ ಮನೆಯಿಂದಲೇ ಶುರು ಮಾಡೋಣ. ಬೆಲ್ಲದ ಅಚ್ಚನ್ನು ಹಾಗೇ ಬಿಸಿನೀರಿಗೆ ಹಾಕಿದರೆ ಕರಗಲು ಹೊತ್ತು ಬೇಕು. ಹುಡಿ ಮಾಡಿ ಹಾಕಿದರೆ ಕೂಡಲೇ ಕರಗುತ್ತದೆ. ಬೆಲ್ಲ ಅದೇ, ತೂಕವೂ ಅದೇ. ಆದರೆ ಹುಡಿಯಾದಾಗ ನೀರಿಗೆ ತಾಗುವ ಮೈ ಹೆಚ್ಚಾಯಿತು.

ಈ ಲೆಕ್ಕವನ್ನೇ ಮುಂದುವರಿಸೋಣ. ಉದ್ದ, ಅಗಲ, ಎತ್ತರ ಎಲ್ಲವೂ 1 ಸೆಂಟಿಮೀಟರ್ ಇರುವ ಒಂದು ತುಂಡು ಉಂಟು ಅಂತ ಇಟ್ಟುಕೊಳ್ಳಿ. ಅದಕ್ಕೆ ಆರು ಮುಖ, ಒಟ್ಟು ಮೈ 6 ಚದರ ಸೆಂಟಿಮೀಟರ್. ಅದನ್ನು 1 ಮಿಲಿಮೀಟರ್‌ನ ಸಾವಿರ ತುಂಡು ಮಾಡಿದರೆ ಒಟ್ಟು ಮೈ 60 ಚದರ ಸೆಂಟಿಮೀಟರ್. 1 ನ್ಯಾನೊಮೀಟರ್‌ನ ತುಂಡುಗಳಾಗಿ ಮಾಡಲು ಸಾಧ್ಯವಾದರೆ? 6,000 ಚದರ ಮೀಟರ್. ನಮ್ಮ ಊರಿನ ಲೆಕ್ಕದಲ್ಲಿ ಸುಮಾರು 148 ಸೆಂಟ್ಸ್, ಹತ್ತಿರ ಹತ್ತಿರ ಒಂದೂವರೆ ಎಕರೆ ಜಾಗ. ಬೆರಳ ತುದಿಯಷ್ಟು ವಸ್ತುವಿನೊಳಗೆ ಇಷ್ಟು ಮೈ ಅಡಗಿತ್ತು.

ರಾಸಾಯನಿಕ ಕ್ರಿಯೆ ನಡೆಯುವುದು ಹೆಚ್ಚಾಗಿ ಈ ಮೇಲ್ಮೈಯಲ್ಲೇ. ಎರಡು ಮೂರು ನ್ಯಾನೊಮೀಟರ್‌ನ ಕಣದಲ್ಲಿ ಸುಮಾರು ಅರ್ಧದಷ್ಟು ಪರಮಾಣುಗಳು ಹೊರಗಡೆಯೇ ಇರುತ್ತವೆ. ಹಾಗಾಗಿ ದೊಡ್ಡ ಗಟ್ಟಿಯಾಗಿದ್ದಾಗ ಸುಮ್ಮನಿರುವ ವಸ್ತು ನ್ಯಾನೊ ಕಣವಾದಾಗ ಚುರುಕಾಗುತ್ತದೆ. ಅದು ಒಳ್ಳೆಯದಕ್ಕೂ ಆಗಬಹುದು, ಕೆಟ್ಟದಕ್ಕೂ ಆಗಬಹುದು.

ಚಿನ್ನ ಕೆಂಪಾಗುವುದು

ಎರಡನೆಯ ವಿಶೇಷ ಬಣ್ಣದ್ದು. ಚಿನ್ನ ಅಂದರೆ ಹಳದಿ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಮದುವೆ ಮನೆಯಲ್ಲಿ ಪವನಿನ ಲೆಕ್ಕ ಹಾಕುವ ನಮಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದೇ ಚಿನ್ನವನ್ನು 20 ನ್ಯಾನೊಮೀಟರ್ ಆಸುಪಾಸಿನ ಕಣಗಳನ್ನಾಗಿ ಮಾಡಿ ನೀರಿನಲ್ಲಿ ತೇಲಿಸಿದರೆ ಆ ನೀರು ಮಾಣಿಕ್ಯದ ಹಾಗೆ ಕೆಂಪು. ಬೆಳಕು ತಾಗಿದಾಗ ಕಣದ ಮೇಲಿನ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡಿ ಹಸಿರು ಬೆಳಕನ್ನು ಹೀರುತ್ತವೆ, ಉಳಿದ ಕೆಂಪು ನಮ್ಮ ಕಣ್ಣಿಗೆ ಬರುತ್ತದೆ. ಕಣಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾದರೆ ಬಣ್ಣ ನೀಲಿಗೆ ತಿರುಗುತ್ತದೆ. ಕರಗುವ ಗುಣವೂ ಬದಲಾಗುತ್ತದೆ. ಚಿನ್ನ ಕರಗಲು 1,064 ಡಿಗ್ರಿ ಸೆಲ್ಸಿಯಸ್ ಬೇಕು. ಎರಡು ಮೂರು ನ್ಯಾನೊಮೀಟರ್ ಕಣಕ್ಕೆ ಅದಕ್ಕಿಂತ ನೂರಾರು ಡಿಗ್ರಿ ಕಡಿಮೆ ಸಾಕು.

ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1850ರ ದಶಕದಲ್ಲಿ ಇಂತಹ ಕೆಂಪು ಚಿನ್ನದ ದ್ರಾವಣ ತಯಾರಿಸಿ, ಬಣ್ಣಕ್ಕೆ ಕಾರಣ ಚಿನ್ನದ ಅತಿ ಸಣ್ಣ ಕಣಗಳೇ ಎಂದು ವಿವರಿಸಿದರು. ಅವರ ಕೆಲವು ಬಾಟಲಿಗಳು ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇಂದಿಗೂ ಇವೆ.

ಇದನ್ನು ನೋಡಲು ಲಂಡನ್‌ಗೆ ಹೋಗಬೇಕಾಗಿಲ್ಲ. ಕೊರೋನಾ ಸಮಯದಲ್ಲಿ ಮೂಗಿಗೆ ಕಡ್ಡಿ ಹಾಕಿ ಮನೆಯಲ್ಲೇ ಪರೀಕ್ಷೆ ಮಾಡುತ್ತಿದ್ದ ಕಿಟ್ ನೆನಪುಂಟಲ್ಲ? ಅಂತಹ ಕಿಟ್‌ಗಳಲ್ಲಿ ಬಹುತೇಕವುಗಳಲ್ಲಿ ಮೂಡುತ್ತಿದ್ದ ಆ ಕೆಂಪು ಗೆರೆ ಚಿನ್ನದ ನ್ಯಾನೊ ಕಣಗಳದ್ದು. ಮೆಡಿಕಲ್ ಶಾಪಿನಲ್ಲಿ ಸಿಗುವ ಗರ್ಭ ಪರೀಕ್ಷೆಯ ಪಟ್ಟಿಯಲ್ಲೂ ಸಾಮಾನ್ಯವಾಗಿ ಅದೇ ಉಪಾಯ.

ಹಳೆಯ ಕೈಗಳು, ಹೊಸ ಕಣ್ಣು

ನ್ಯಾನೊ ಕಣಗಳನ್ನು ಮನುಷ್ಯ ತಿಳಿಯದೆಯೇ ಬಹಳ ಹಿಂದಿನಿಂದ ಬಳಸುತ್ತಿದ್ದ. 9ನೇ ಶತಮಾನದಲ್ಲಿ ಅಬ್ಬಾಸಿಯರ ಕಾಲದ ಇರಾಕಿನ ಕುಂಬಾರರು ಮಣ್ಣಿನ ಪಾತ್ರೆಗಳ ಮೇಲೆ ಬೆಳ್ಳಿ, ತಾಮ್ರದ ಲವಣಗಳಿಂದ ಚಿತ್ರ ಬರೆದು, ಹೊಗೆ ತುಂಬಿದ ಭಟ್ಟಿಯಲ್ಲಿ ಮತ್ತೊಮ್ಮೆ ಸುಡುತ್ತಿದ್ದರು. ಪಾತ್ರೆ ಲೋಹದಂತೆ ಹೊಳೆಯುತ್ತಿತ್ತು. ಈಗಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಹೊಳಪಿನ ಪದರದಲ್ಲಿ ಇರುವುದು ಬೆಳ್ಳಿ, ತಾಮ್ರದ ನ್ಯಾನೊ ಕಣಗಳು.

ಇನ್ನೊಂದು ನಮಗೆ ಹತ್ತಿರದ್ದು. ದಕ್ಷಿಣ ಭಾರತದ ಉಕ್ಕು ಅರಬ್ ನಾಡಿಗೆ ಹೋಗಿ ಡಮಾಸ್ಕಸ್ ಖಡ್ಗವಾಗುತ್ತಿತ್ತು. ಆ ಉಕ್ಕನ್ನು ಇಂಗ್ಲಿಷಿನವರು 'ವೂಟ್ಝ್' ಎಂದರು. ಆ ಪದ ಕನ್ನಡದ 'ಉಕ್ಕು' ಎಂಬುದರಿಂದಲೇ ಬಂತು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ ವಿಜ್ಞಾನಿಗಳು 17ನೇ ಶತಮಾನದ ಅಂತಹ ಒಂದು ಖಡ್ಗದಲ್ಲಿ ಇಂಗಾಲದ ನ್ಯಾನೊ ಕೊಳವೆಗಳನ್ನು ಕಂಡದ್ದಾಗಿ ಪ್ರಕಟಿಸಿದರು.

ಆ ಕುಂಬಾರ, ಕಮ್ಮಾರರಿಗೆ ಕೈ ಪಳಗಿತ್ತು, ಒಳಗೆ ಏನಾಗುತ್ತದೆ ಎಂದು ಕಾಣುತ್ತಿರಲಿಲ್ಲ. ಅಮೆರಿಕದ ರಿಚರ್ಡ್ ಫೈನ್‌ಮನ್ 1959ರ ಡಿಸೆಂಬರ್‌ನಲ್ಲಿ ಒಂದು ಭಾಷಣ ಮಾಡಿ, ಪರಮಾಣುಗಳನ್ನು ಒಂದೊಂದಾಗಿ ಬೇಕಾದಲ್ಲಿ ಇಡುವುದನ್ನು ಪ್ರಕೃತಿಯ ನಿಯಮ ತಡೆಯುವುದಿಲ್ಲ ಎಂಬ ವಿಚಾರ ಮುಂದಿಟ್ಟರು. 1974ರಲ್ಲಿ ಜಪಾನಿನ ನೊರಿಯೊ ತಾನಿಗುಚಿ 'ನ್ಯಾನೊ ತಂತ್ರಜ್ಞಾನ' ಎಂಬ ಪದ ಬಳಸಿದರು. 1981ರಲ್ಲಿ ಪರಮಾಣುಗಳ ಚಿತ್ರ ತೋರಿಸುವ ಸೂಕ್ಷ್ಮದರ್ಶಕ ಸ್ವಿಟ್ಝರ್ಲೆಂಡ್‌ನಲ್ಲಿ ತಯಾರಾಯಿತು. 1989ರಲ್ಲಿ 35 ಕ್ಸೆನಾನ್ ಪರಮಾಣುಗಳನ್ನು ಜೋಡಿಸಿ ಐಬಿಎಂ ಕಂಪೆನಿಯ ಹೆಸರನ್ನೇ ಬರೆದು ತೋರಿಸಿದರು. 2004ರಲ್ಲಿ ಮ್ಯಾಂಚೆಸ್ಟರಿನ ಇಬ್ಬರು ವಿಜ್ಞಾನಿಗಳು ಗ್ರಾಫೈಟ್ ತುಂಡಿಗೆ ಗಮ್‌ಟೇಪ್ ಅಂಟಿಸಿ ಎಳೆದೂ ಎಳೆದೂ ಒಂದೇ ಪರಮಾಣು ದಪ್ಪದ ಹಾಳೆ ಬೇರ್ಪಡಿಸಿದರು. ಅದೇ ಗ್ರಾಫೀನ್. 2010ರ ನೊಬೆಲ್ ಅವರಿಗೆ ಸಿಕ್ಕಿತು. ನಮ್ಮ ಮಕ್ಕಳ ಪೆನ್ಸಿಲಿನ ಕಡ್ಡಿಯಲ್ಲಿ ಇರುವುದೂ ಅದೇ ಗ್ರಾಫೈಟ್.

ನಮ್ಮ ಮನೆಯಲ್ಲಿ ಎಲ್ಲೆಲ್ಲಿ ಉಂಟು?

ಮಳೆಗಾಲದಲ್ಲಿ ಹಿತ್ತಿಲಿನ ಕೆಸುವಿನ ಎಲೆ ನೋಡಿ. ನೀರು ಮುತ್ತಿನಂತೆ ಉರುಳುತ್ತದೆ, ಎಲೆ ಒದ್ದೆಯಾಗುವುದಿಲ್ಲ. ಎಲೆಯ ಮೇಲಿನ ಕಣ್ಣಿಗೆ ಕಾಣದ ಉಬ್ಬುಗಳು, ಅವುಗಳ ಮೇಲಿನ ನ್ಯಾನೊ ಗಾತ್ರದ ಮೇಣದ ಹರಳುಗಳು ಇದಕ್ಕೆ ಕಾರಣ. ನೀರು ಹಿಡಿಯದ ಬಟ್ಟೆ, ಬಣ್ಣಗಳಿಗೆ ಈ ಗುಣವೇ ಮಾದರಿ.

ಮೊಬೈಲಿನ ಚಿಪ್‌ನಲ್ಲಿ ನ್ಯಾನೊ ಗಾತ್ರದ ಭಾಗಗಳಿವೆ. ಆದರೆ ಜಾಹೀರಾತಿನ '3 ನ್ಯಾನೊಮೀಟರ್' ಎಂಬುದು ಚಿಪ್‌ನ ತಲೆಮಾರಿನ ಹೆಸರು, ಪ್ರತಿಯೊಂದು ಭಾಗದ ಅಳತೆ ಅಲ್ಲ. ಕ್ಯೂಎಲ್‌ಇಡಿ ಟಿವಿಯಲ್ಲಿ 'ಕ್ವಾಂಟಮ್ ಡಾಟ್' ಎಂಬ ಕಣಗಳಿವೆ. ಕಣ ಸಣ್ಣದಾದರೆ ನೀಲಿ, ಸ್ವಲ್ಪ ದೊಡ್ಡದಾದರೆ ಕೆಂಪು ಬೆಳಕು ಕೊಡುತ್ತವೆ.

ಗಲ್ಫ್‌ನಲ್ಲಿರುವ ನಮ್ಮವರಲ್ಲಿ ಅನೇಕರು ಫೈಝರ್ ಲಸಿಕೆ ಹಾಕಿಸಿಕೊಂಡಿದ್ದಾರೆ. ಅದರಲ್ಲಿರುವ ಎಂಆರ್‌ಎನ್‌ಎ ಎಳೆ ತುಂಬಾ ನಾಜೂಕು. ದೇಹದೊಳಗೆ ಒಡೆದು ಹೋಗದಂತೆ ಅದನ್ನು ಸುಮಾರು 100 ನ್ಯಾನೊಮೀಟರ್‌ನ ಕೊಬ್ಬಿನ ಗುಳಿಗೆಯಲ್ಲಿ ಸುತ್ತಿರುತ್ತಾರೆ. ಲಸಿಕೆಯಲ್ಲಿ ಚಿಪ್ ಉಂಟು ಅಂತ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ ಸುದ್ದಿ ಶುದ್ಧ ಸುಳ್ಳು. ಕ್ಯಾನ್ಸರ್ ಔಷಧವನ್ನು ಇದೇ ರೀತಿ ಕೊಬ್ಬಿನ ಗುಳಿಗೆಯಲ್ಲಿ ಕೊಡುವ 'ಡಾಕ್ಸಿಲ್'ಗೆ ಅಮೆರಿಕದಲ್ಲಿ 1995ರಲ್ಲೇ ಅನುಮತಿ ಸಿಕ್ಕಿತ್ತು. ಹೃದಯಕ್ಕೆ ಆಗುವ ಹಾನಿ ಕಡಿಮೆ ಮಾಡುವುದು ಅದರ ಒಂದು ಲಾಭ.

ಬೆಳ್ಳಿಯ ನಿಜ, ಬೆಳ್ಳಿಯ ಸುಳ್ಳು

ಈಗ ಮಾಮಿಯ ಬಾಟಲಿಗೆ ಬರೋಣ. ಬೆಳ್ಳಿಯ ನ್ಯಾನೊ ಕಣಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವುದು ನಿಜ. ಕಣದ ಮೈಯಿಂದ ಬಿಡುಗಡೆಯಾಗುವ ಬೆಳ್ಳಿಯ ಅಯಾನುಗಳು ರೋಗಾಣುವಿನ ಹೊರಪೊರೆಯನ್ನು ಹಾಳು ಮಾಡುತ್ತವೆ. 2009ರಲ್ಲಿ ಬಂದ ಟಾಟಾ ಸ್ವಚ್ಛ್ ಫಿಲ್ಟರಿನಲ್ಲಿ ಅಕ್ಕಿ ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೊ ಕಣ ಅಂಟಿಸಿದ್ದರು. ಅದಕ್ಕೆ ಕರೆಂಟ್ ಬೇಕಾಗಿರಲಿಲ್ಲ. ಮದ್ರಾಸ್ ಐಐಟಿಯ ಪ್ರೊಫೆಸರ್ ಟಿ. ಪ್ರದೀಪ್ ಅವರ ತಂಡ ನೀರಿನಿಂದ ಕೀಟನಾಶಕ ತೆಗೆಯಲು ನ್ಯಾನೊ ಕಣಗಳನ್ನು ಬಳಸಿತು, ಆಮೇಲೆ ಆರ್ಸೆನಿಕ್ ತೆಗೆಯುವ ವಿಧಾನವನ್ನೂ ರೂಪಿಸಿತು. ಆದರೆ ಒಂದು ಮಾತು: ಬೆಳ್ಳಿ ಕಣದ ಫಿಲ್ಟರ್ ರೋಗಾಣು ಕೊಲ್ಲಬಹುದು, ಉಪ್ಪು ತೆಗೆಯುವುದಿಲ್ಲ. ಬೇಸಿಗೆಯಲ್ಲಿ ಬಾವಿಗೆ ಉಪ್ಪುನೀರು ಬರುವ ಹೊಳೆ ಬದಿಯ ಮನೆಗಳು ಇದನ್ನು ನೆನಪಿಡಬೇಕು.

ಇಲ್ಲೆಲ್ಲ ಬೆಳ್ಳಿ ಫಿಲ್ಟರಿನೊಳಗೆ ನಿಂತು ಕೆಲಸ ಮಾಡುತ್ತದೆ. ಅದನ್ನೇ ದಿನಾ ಕುಡಿಯುವುದು ಬೇರೆ ಸಂಗತಿ. ಸೂಕ್ಷ್ಮ ಬೆಳ್ಳಿ ಕಣದ ಹನಿಗಳು ಸಕ್ಕರೆ ಕಾಯಿಲೆಗೆ ಔಷಧ ಅಲ್ಲ. ಇಂತಹ ಹನಿಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 1999ರಲ್ಲೇ ಹೇಳಿದೆ. ಬಹಳ ಕಾಲ ಕುಡಿದರೆ ಚರ್ಮ ನೀಲಿ ಬೂದು ಬಣ್ಣಕ್ಕೆ ತಿರುಗಬಹುದು. ಸಾಮಾನ್ಯವಾಗಿ ಆ ಬಣ್ಣ ಮತ್ತೆ ಹೋಗುವುದಿಲ್ಲ. ನಮ್ಮ ದೇಶದಲ್ಲಿ ಶುಗರ್ ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನೇ 1954ರ ಕಾಯ್ದೆ ನಿಷೇಧಿಸಿದೆ.

ಉಸಿರಿನ ವಿಷಯವೂ ಹಾಗೆಯೇ. ಸನ್‌ಸ್ಕ್ರೀನ್‌ನಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಕಣ ಚರ್ಮದ ಮೇಲೆ ಇರುವುದಕ್ಕೂ, ಹುಡಿಯಾಗಿ ಶ್ವಾಸಕೋಶಕ್ಕೆ ಹೋಗುವುದಕ್ಕೂ ವ್ಯತ್ಯಾಸವಿದೆ. ಆಹಾರದಲ್ಲಿ ಅದರ ಬಳಕೆಯನ್ನು ಯುರೋಪಿಯನ್ ಒಕ್ಕೂಟ 2022ರಲ್ಲಿ ನಿಷೇಧಿಸಿತು. ಕಟ್ಟಿಗೆ ಒಲೆ, ಬೀಡಿ, ಲೋಬಾನದ ಹೊಗೆಯಲ್ಲೂ ನ್ಯಾನೊ ಗಾತ್ರದ ಕಣಗಳಿವೆ. ಕಿಟಕಿ ತೆರೆದಿಡುವುದು ಒಳ್ಳೆಯದು.

ಹಾಗಾಗಿ ಯಾರಾದರೂ 'ನ್ಯಾನೊ' ಅಂತ ಬಂದರೆ ಮೂರು ಪ್ರಶ್ನೆ ಕೇಳಿ. ಯಾವ ವಸ್ತುವಿನ ನ್ಯಾನೊ? ಅದು ಎಲ್ಲಿರುತ್ತದೆ, ಫಿಲ್ಟರಿನೊಳಗೋ, ಚರ್ಮದ ಮೇಲೋ, ಹೊಟ್ಟೆಯೊಳಗೋ? ಅದು ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಿದವರು ಯಾರು, ಔಷಧವಾದರೆ ಲೇಬಲ್ ಮೇಲೆ ಲೈಸೆನ್ಸ್ ನಂಬರ್ ಎಲ್ಲಿ? ಉತ್ತರ ಬಾರದಿದ್ದರೆ ಸಲಾಂ ಹೇಳಿ ಕಳುಹಿಸಿ. ಉತ್ತರ ಬಂದರೂ ಡಾಕ್ಟರರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಓದುವ ಮಕ್ಕಳಿಗೆ

ಪಿಯುಸಿಯಲ್ಲಿ ಸಾಯನ್ಸ್ ತೆಗೆದುಕೊಂಡ ಮಕ್ಕಳಿಗೆ ಮೆಡಿಕಲ್, ಎಂಜಿನಿಯರಿಂಗ್ ಎರಡೇ ದಾರಿ ಅಂತ ನಾವು ತಿಳಿದಿದ್ದೇವೆ. ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದವರಿಗೆ ನ್ಯಾನೊ ವಿಜ್ಞಾನವೂ ಒಂದು ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆಂದೇ ಒಂದು ಕೇಂದ್ರವಿದೆ. ಭಾರತರತ್ನ ಸಿ.ಎನ್.ಆರ್. ರಾವ್ ಕಟ್ಟಿ ಬೆಳೆಸಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಅಲ್ಲೇ ಇದೆ. ನಮ್ಮ ಬದಿಯಲ್ಲೇ ಸುರತ್ಕಲ್‌ನ ಎನ್‌ಐಟಿಕೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಗಳಲ್ಲಿ ವಸ್ತು ವಿಜ್ಞಾನ ಕಲಿಸುತ್ತಾರೆ.

ಕ್ವಾಂಟಮ್ ಡಾಟ್‌ಗೆ 2023ರ ರಸಾಯನಶಾಸ್ತ್ರ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು ಮೌಂಜಿ ಬಾವೆಂಡಿ. ಅವರ ತಂದೆ ಟ್ಯುನೀಷಿಯಾ ಮೂಲದ ಗಣಿತಜ್ಞ. ಹಾರ್ವರ್ಡ್‌ನಲ್ಲಿ ಓದುವಾಗ ತಮ್ಮ ಮೊದಲ ರಸಾಯನಶಾಸ್ತ್ರ ಪರೀಕ್ಷೆಯಲ್ಲಿ 100ಕ್ಕೆ 20 ಅಂಕ ಮಾತ್ರ ಬಂದಿತ್ತು, ತರಗತಿಯಲ್ಲೇ ಅತಿ ಕಡಿಮೆ, ಎಂದು ಅವರೇ ಹೇಳಿಕೊಂಡಿದ್ದಾರೆ. ಮೊದಲ ಟೆಸ್ಟಿನಲ್ಲಿ ಮಾರ್ಕು ಕಡಿಮೆ ಬಂತೆಂದು ಮಕ್ಕಳನ್ನು ಸಾಯನ್ಸ್‌ನಿಂದ ಬಿಡಿಸುವ ಮೊದಲು ಈ ಮಾತನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ.

ಮಾಮಿಯ ಮೊಮ್ಮಗಳು ಈಗ ಬಿಎಸ್ಸಿ ಎರಡನೇ ವರ್ಷ. ಮೊನ್ನೆ ಹೋದಾಗ ಕೊರೋನಾ ಕಿಟ್ಟಿನ ಹಳೆಯ ಪಟ್ಟಿಯೊಂದನ್ನು ತೋರಿಸಿ, "ಉಮ್ಮಮ್ಮಾ, ಈ ಕೆಂಪು ಗೆರೆ ಉಂಟಲ್ಲ, ಇದು ಚಿನ್ನ" ಎಂದು ಅಜ್ಜಿಗೆ ವಿವರಿಸುತ್ತಿದ್ದಳು. ಮಾಮಿ ಕನ್ನಡಕ ಹಾಕಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನಂತರ, "ಹಾಗಾದ್ರೆ ಆ ಬಾಟಲಿಯಲ್ಲಿ ಎಂತ ಇತ್ತು ಮಗಳೇ?" ಎಂದು ಕೇಳಿದರು.