ಎಂಟರಲ್ಲಿ ಎದುರಾಗುವ ಹೊಸಬ

ಪ್ರಶ್ನೆ: ಮಗಳು ಛತ್ರಪತಿ ಸಂಭಾಜಿನಗರದಲ್ಲಿ ಎಂ.ಎಸ್ಸಿ. ಗಣಿತ ಓದುತ್ತಿದ್ದಾಳೆ. ಸಾಂತ ಆಯಾಮದ ಸೆಮಿಸಿಂಪಲ್ ಹಾಪ್ಫ್ ಆಲ್ಜೀಬ್ರಾಗಳ ಪಟ್ಟಿ ಪೂರ್ಣವಾಗಿದೆಯೇ?
– ಓದುಗರೊಬ್ಬರು, ನಾಸಿಕ್

ಉತ್ತರ: ಇನ್ನೂ ಇಲ್ಲ. ಗುಣಾಕಾರ ಎರಡನ್ನು ಸೇರಿಸಿ ಒಂದು ಮಾಡುತ್ತದೆ. ಹಾಪ್ಫ್ ಆಲ್ಜೀಬ್ರಾದಲ್ಲಿ ಒಂದನ್ನು ಎರಡಾಗಿ ಬಿಡಿಸುವ ಕ್ರಿಯೆಯೂ ಇದ್ದು, ಎರಡೂ ಹೊಂದಿಕೊಂಡು ನಡೆಯಬೇಕು. ಸೆಮಿಸಿಂಪಲ್ ಆದದ್ದು ಸಂಮಿಶ್ರ ಸಂಖ್ಯೆಗಳ ಮೇಲೆ ಪೂರ್ಣ ಮ್ಯಾಟ್ರಿಕ್ಸ್‌ಗಳ ಕಟ್ಟುಗಳಾಗಿ ಒಡೆಯುತ್ತದೆ. ಪ್ರತಿ ಸಾಂತ ಗ್ರೂಪ್‌ನಿಂದಲೂ ಇಂಥದ್ದೊಂದು ಹುಟ್ಟುತ್ತದೆ, ಜೊತೆಗೆ ಅದರ ಡ್ಯುಯಲ್ ಕೂಡ.

ಗ್ರೂಪ್‌ಗಳ ಹಂಗಿಲ್ಲದವು ಉಂಟೇ ಎಂಬುದೇ ನಿಜವಾದ ಪ್ರಶ್ನೆ. ಆಯಾಮ ಅವಿಭಾಜ್ಯ ಸಂಖ್ಯೆಯಾದರೆ ಇಲ್ಲವೆಂದು ಯೋಂಗ್‌ಚಾಂಗ್ ಝು 1994ರಲ್ಲಿ ಸಾಧಿಸಿದರು. ಮೊದಲ ಹೊಸಬ ಸಿಗುವುದು 8ರಲ್ಲಿ. ಅದನ್ನು 1966ರಲ್ಲಿ ಕಾಟ್ಸ್ ಮತ್ತು ಪಾಲ್ಯುಟ್ಕಿನ್ ಕಟ್ಟಿದರು. ಅದರೊಳಗೆ ನಾಲ್ಕು 1×1 ಕಟ್ಟುಗಳು, ಒಂದು 2×2 ಕಟ್ಟು: 1+1+1+1+4. ಚೌಕದ ಸಮಮಿತಿಗಳ ಗ್ರೂಪ್‌ನಿಂದ ಬಂದದ್ದೂ, ಕ್ವಾಟರ್ನಿಯನ್ ಗ್ರೂಪ್‌ನಿಂದ ಬಂದದ್ದೂ ಹೀಗೆಯೇ ಒಡೆಯುತ್ತವೆ. ಗುಣಾಕಾರವನ್ನಷ್ಟೇ ನೋಡಿದರೆ ಮೂರಕ್ಕೂ ವ್ಯತ್ಯಾಸವೇ ಇಲ್ಲ, ಬಿಡಿಸುವ ಕ್ರಿಯೆಯಲ್ಲಿ ಮಾತ್ರ ಬೇರೆಯಾಗುತ್ತವೆ! ನನಗೆ ಇಡೀ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆ ಇಲ್ಲ. 8 ಆಯಾಮದಲ್ಲಿ ಒಟ್ಟು ಎಂಟು ಬಗೆ, ಹೊಸದು ಇದೊಂದೇ ಎಂದು ಅಕಿರಾ ಮಸುಒಕಾ 1995ರಲ್ಲಿ ತೋರಿಸಿದರು.

ಪ್ರತಿ ಕಟ್ಟಿನ ಅಳತೆಯೂ ಒಟ್ಟು ಆಯಾಮವನ್ನು ಶೇಷವಿಲ್ಲದೆ ಭಾಗಿಸಬೇಕೆಂಬ ಕಪ್ಲಾನ್‌ಸ್ಕಿಯವರ 1975ರ ಊಹೆಗೆ ಪೂರ್ಣ ಸಾಧನೆ ಇಂದಿಗೂ ಸಿಕ್ಕಿಲ್ಲ. ಮಗಳಿಗೆ ಆಸಕ್ತಿಯಿದ್ದರೆ, ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ವಿಜಯ್ ಕೊಡಿಯಾಲಂ ಮತ್ತು ವಿ.ಎಸ್. ಸುಂದರ್ ಈ ರಚನೆಗಳನ್ನು ಚಿತ್ರಗಳ ಮೂಲಕ ಲೆಕ್ಕ ಹಾಕಿರುವ ಪ್ರಬಂಧಗಳನ್ನು ಓದಲಿ.