ವೃತ್ತಾಂತಲೇಖನದಲ್ಲಿ ಸ್ವಪರಿಶೋಧನೆ

ವಾಕ್ಯದಿಂದ ಅರ್ಥಜ್ಞಾನವುಂಟಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಂಬ ಮೂರೂ ಇರಬೇಕೆಂದು ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ನಿರೂಪಿಸಿರುವನು. ಈ ಲಕ್ಷಣವು 1843ರಲ್ಲಿ ‘ಮಂಗಳೂರ ಸಮಾಚಾರ’ದಿಂದ ಮೊದಲಾದ ಕನ್ನಡ ವೃತ್ತಪತ್ರಿಕೆಯ ಬರೆವಣಿಗೆಗೂ ಒರೆಗಲ್ಲಾಗಬಲ್ಲುದು. ಬಾತ್ಮೀದಾರನು ತನ್ನ ಬರೆಹವನ್ನು ತಾನೇ ತಿದ್ದುವುದು ಸುಲಭವಲ್ಲ. ಸಂಗತಿಯೆಲ್ಲವೂ ಅವನ ಮನಸ್ಸಿನಲ್ಲಿರುವುದರಿಂದ, ಬರೆಯದೆ ಬಿಟ್ಟುದನ್ನೂ ಬರೆದಂತೆಯೇ ಓದಿಕೊಳ್ಳುವನು. ಓದುಗನಿಗಾದರೋ ಅಚ್ಚಾದುದಷ್ಟೇ ಪ್ರಮಾಣ.

ಮೊದಲನೆಯದು ಆಕಾಂಕ್ಷೆ. ಆನೇಕಲ್ಲು ತಾಲ್ಲೂಕಿನ ಸರ್ಜಾಪುರದಿಂದ ‘ಬಾಗಲೂರಿಗೆ ಹೋಗುತ್ತಿದ್ದ ಲಾರಿ ಮಗುಚಿತು’ ಎಂಬ ಸುದ್ದಿಯು ಹೊರಟಿತೆನ್ನೋಣ. ಬರೆದವನಿಗೆ ಅದು ಗಡಿಯಾಚೆ ಹೊಸೂರಿನ ಬಳಿಯ ಬಾಗಲೂರು. ಬೆಂಗಳೂರಿನ ಓದುಗನಿಗೆ ಯಲಹಂಕದ ಕಡೆಯ ಬಾಗಲೂರು. ‘ಸರ್ಜಾಪುರ ರಸ್ತೆಯಲ್ಲಿ’ ಎಂದರೂ ಸಂದೇಹವು ತೀರದು. ಕೋರಮಂಗಲದ ಕಡೆಯಿಂದ ಬರುವ ಆ ದಾರಿಯುದ್ದಕ್ಕೂ ಅದೇ ಹೆಸರು. ಎಲ್ಲಿ, ಎಂದು, ಯಾರು, ಯಾರ ಹೇಳಿಕೆಯಂತೆ ಎಂಬ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಉತ್ತರವಿಲ್ಲದಿದ್ದರೆ ಓದುಗನ ಆಕಾಂಕ್ಷೆಯು ಉಳಿದಂತೆಯೇ.

ಎರಡನೆಯದು ಸನ್ನಿಧಿ. ‘ನಿನ್ನೆ ಕೆರೆಯ ಏರಿಯನ್ನು ಅಗೆದವರ ಮೇಲೆ ದೂರು ಕೊಡಲಾಯಿತು’ ಎಂಬಲ್ಲಿ, ನಿನ್ನೆ ನಡೆದುದು ಅಗೆತವೋ ದೂರೋ ತಿಳಿಯದು. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕಡೆಯಲ್ಲಿ ಬರುವುದರಿಂದ, ನಡುವೆ ‘ಅಗೆದ’ ಎಂಬಂತಹ ಕೃದಂತವಿದ್ದರೆ ಹಿಂದಿನ ಪದವು ಅದಕ್ಕೇ ಅಂಟಿಕೊಳ್ಳುವುದು. ‘ಅಗೆದವರ ಮೇಲೆ ನಿನ್ನೆ ದೂರು ಕೊಡಲಾಯಿತು’ ಎಂದು ಪದವನ್ನು ಕ್ರಿಯೆಯ ಬಳಿಗೆ ತಂದರೆ ದೋಷವು ಪರಿಹಾರವಾಗುವುದು.

ಮೂರನೆಯದಾದ ಯೋಗ್ಯತೆಯೇ ಇಲ್ಲಿ ಗುರುತರವಾದುದು. ‘ಬೆಂಕಿಯಿಂದ ತೋಯಿಸುವನು’ ಎಂಬುದು ಇದರ ಅಭಾವಕ್ಕೆ ಶಾಸ್ತ್ರಪ್ರಸಿದ್ಧವಾದ ಉದಾಹರಣೆ. ಅಂತಹ ಪ್ರಕಟವಿರೋಧವನ್ನು ಯಾರೂ ಬರೆಯರು; ಮರೆಯಾದ ವಿರೋಧವೇ ಅಪಾಯಕರ. ತಲೆಬರೆಹದಲ್ಲಿ ಮೂವರು ಗಾಯಾಳುಗಳು, ಒಳಗೆ ಇಬ್ಬರ ಹೆಸರು. ಇದು ಲೆಕ್ಕದ ವಿರೋಧ. ಪೊಲೀಸರು ಹಿಡಿದ ಮಾತ್ರಕ್ಕೆ ಒಬ್ಬನನ್ನು ‘ಕಳ್ಳ’ನೆನ್ನುವುದು ಅದಕ್ಕಿಂತಲೂ ಕೆಟ್ಟುದು. ನ್ಯಾಯಾಲಯವು ತೀರ್ಪು ಕೊಡುವವರೆಗೆ ಅವನು ಆರೋಪಿ ಮಾತ್ರ. ಆ ಒಂದು ಪದದಿಂದ ಹೋದ ಮಾನವು ಮರುದಿನದ ತಿದ್ದುಪಡಿಯಿಂದ ಹಿಂದಿರುಗದು. ಸುದ್ದಿಯನ್ನು ಓದಿದವರೆಲ್ಲರೂ ತಿದ್ದುಪಡಿಯನ್ನು ಓದುವರೆಂಬ ನಿಯಮವಿಲ್ಲ.

ಆದುದರಿಂದ ಬರೆದು ಮುಗಿಸಿದೊಡನೆ ಕಳುಹಿಸದೆ, ಕೊಂಚ ಹೊತ್ತು ಬದಿಗಿಟ್ಟು, ಬಳಿಕ ಗಟ್ಟಿಯಾಗಿ ಓದತಕ್ಕದ್ದು; ಪ್ರತಿಯೊಂದು ಹೆಸರನ್ನೂ ಅಂಕಿಯನ್ನೂ ಟಿಪ್ಪಣಿಯೊಡನೆ ಹೋಲಿಸತಕ್ಕದ್ದು. ಕಚೇರಿಯ ಉಪಸಂಪಾದಕನು ಭಾಷೆಯನ್ನು ತಿದ್ದಬಲ್ಲನು. ಲಾರಿಯು ಯಾವ ಬಾಗಲೂರಿಗೆ ಹೊರಟಿತ್ತೆಂಬುದನ್ನು ಸ್ಥಳದಲ್ಲಿ ವಿಚಾರಿಸಿದವನು ಮಾತ್ರವೇ ಬಲ್ಲನು.