ಚಿಕ್ಕ ಮನೆಯಲ್ಲಿ ಮಕ್ಕಳ ಆರೋಗ್ಯ



ಕೆಮ್ಮಿನಿಂದ ಬಳಲುವ ಕೂಸನ್ನು ಎತ್ತಿಕೊಂಡು ನಮ್ಮ ಬಳಿಗೆ ಬರುವ ತಾಯಂದಿರಲ್ಲಿ ಅನೇಕರು, 'ನಮ್ಮ ಮನಿ ಭಾಳ ಸಣ್ಣದೈತ್ರಿ' ಎಂದು ಅಳುಕಿನಿಂದಲೇ ಮಾತು ಆರಂಭಿಸುತ್ತಾರೆ. ತುಳಸಿಗೇರಿಯ ಸುತ್ತಲಿನ ಹಳ್ಳಿಗಳಲ್ಲಿ ಒಂದೆರಡು ಅಂಕಣದ ಮನೆಯಲ್ಲಿ ಐದಾರು ಜನ ಬಾಳುವುದು ಹೊಸದಲ್ಲ. 2009 ಹಾಗೂ 2019ರ ನೆರೆಗಳಲ್ಲಿ ಮನೆ ಕಳೆದುಕೊಂಡ ಮಲಪ್ರಭೆಯ ದಡದ ಕುಟುಂಬಗಳು ಮಕ್ಕಳೊಡನೆ ತಗಡಿನ ಶೆಡ್ಡುಗಳಲ್ಲಿ ದಿನ ಕಳೆದುದನ್ನೂ ಕಂಡಿದ್ದೇವೆ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಗೂ ನಿಗದಿಯಾದ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಎಂದರೆ ಸುಮಾರು 270 ಚದರ ಅಡಿ. ಇಷ್ಟರಲ್ಲಿ ಮಕ್ಕಳು ಆರೋಗ್ಯವಾಗಿ ಬೆಳೆಯಬಲ್ಲರೆ? ಬೆಳೆಯಬಲ್ಲರು, ಆದರೆ ಕೆಲವು ಎಚ್ಚರಿಕೆಗಳು ಅವಶ್ಯ.

ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಕುಮಾರಾಗಾರದ, ಎಂದರೆ ಮಗು ಬೆಳೆಯುವ ಮನೆಯ, ವರ್ಣನೆಯಿದೆ. ಅದು ಕತ್ತಲೆಯಿಲ್ಲದ್ದಾಗಿರಬೇಕು, ಬಿರುಗಾಳಿ ನೇರವಾಗಿ ನುಗ್ಗದೆ ಒಂದು ಭಾಗದಿಂದ ಗಾಳಿಯಾಡುವಂತಿರಬೇಕು, ಗಟ್ಟಿಯಾಗಿದ್ದು ಇಲಿ, ಹುಳುಗಳಿಂದ ದೂರವಿರಬೇಕು, ನೀರು, ಅಡುಗೆ, ಸ್ನಾನ, ಶೌಚಗಳಿಗೆ ಬೇರೆ ಬೇರೆ ಸ್ಥಳವಿರಬೇಕು, ಋತುವಿಗೆ ತಕ್ಕ ಸುಖ ಕೊಡಬೇಕು. ಮನೆ ಇಷ್ಟು ಉದ್ದ, ಇಷ್ಟು ಅಗಲವಿರಬೇಕೆಂದು ಅಲ್ಲಿ ಹೇಳಿಲ್ಲ.

ನಮ್ಮ ಹಿರಿಯರ ಮಣ್ಣಿನ ಮಾಳಿಗೆಯ ಮನೆಗಳು ಚಿಕ್ಕವಾದರೂ ಈ ಲಕ್ಷಣಗಳಲ್ಲಿ ಕೆಲವನ್ನು ಪಡೆದಿದ್ದವು. ದಪ್ಪ ಗೋಡೆ ಹಗಲಿನ ಕಾವನ್ನು ನಿಧಾನವಾಗಿ ಒಳಗೆ ಬಿಡುತ್ತಿತ್ತು. ಮೇಲಿನ ಬೆಳಕಿಂಡಿಯಿಂದ ಬೆಳಕು ಇಳಿಯುತ್ತಿತ್ತು, ಹೊಗೆ ಏರುತ್ತಿತ್ತು. ಮಳೆ ಸೋರುವುದೆಂದು ಬೆಳಕಿಂಡಿಯನ್ನು ಮುಚ್ಚಿದ ಮನೆಗಳು ಈಗ ಹಲವು. ತಗಡಿನ ಮನೆಯ ಕಷ್ಟ ಬೇರೆ. ನಮ್ಮ ಬೇಸಿಗೆ 40 ಡಿಗ್ರಿ ಮುಟ್ಟುವಾಗ ತೆಳು ತಗಡು ಬೇಗನೆ ಕಾದು, ಕೆಳಗೆ ಮಲಗಿದ ಕೂಸಿನ ಮೇಲೆ ಕಾವನ್ನು ಸುರಿಸುತ್ತದೆ. ತಗಡಿನ ಮೇಲೆ ಸುಣ್ಣ ಬಳಿಯುವುದು, ಅದರ ಕೆಳಗೆ ಒಂದು ಮೊಳ ಬಿಟ್ಟು ಬಿದಿರಿನ ತಟ್ಟಿ ಕಟ್ಟುವುದು, ಒಲೆಯನ್ನು ತಟ್ಟಿಯಿಂದ ದೂರವಿಡುವುದು ಇದಕ್ಕೆ ಉಪಾಯ. ಮಧ್ಯಾಹ್ನ ಮಕ್ಕಳನ್ನು ಬೇವಿನ ನೆರಳಿಗೆ ಕರೆತರಬೇಕು.

ಎಲ್ಲಕ್ಕಿಂತ ದೊಡ್ಡ ಶತ್ರು ಹೊಗೆ. ಮನೆಯೊಳಗಿನ ಹೊಗೆಯಿಂದ ಎಳೆಯ ಮಕ್ಕಳಿಗೆ ನ್ಯುಮೋನಿಯಾದಂತಹ ಶ್ವಾಸಕೋಶದ ಸೋಂಕು ತಗಲುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಕೋಣೆಯಲ್ಲಿ ಒಲೆಯೂ ತೊಟ್ಟಿಲೂ ಇದ್ದರೆ ಕೂಸಿಗೆ ಬೇರೆ ಗಾಳಿಯೇ ಇಲ್ಲ. ಕಟ್ಟಿಗೆಯ ಒಲೆಯನ್ನು ಹಿತ್ತಲಿನ ಚಪ್ಪರಕ್ಕೆ ಸಾಗಿಸಿರಿ. ಆಗದಿದ್ದರೆ ಒಲೆಯ ಮೇಲೆ ಹೊಗೆಕಿಂಡಿ ತೆಗೆಯಿರಿ. ಮನೆಯೊಳಗೆ ಬೀಡಿ ಸೇದುವುದನ್ನು ನಿಲ್ಲಿಸಿರಿ.

ಇಲ್ಲಿ ಒಂದು ಮಾತು ಕೆಲವರಿಗೆ ಅಪ್ರಿಯವಾಗಬಹುದು. ಕೂಸಿಗೆ ಎರೆದ ಬಳಿಕ ಲೋಬಾನದ ಹೊಗೆ ಹಿಡಿಯುವ ರೂಢಿ ನಮ್ಮಲ್ಲಿದೆ. ಚರಕರು ಧೂಪವನ್ನು ಹೇಳಿರುವುದು ಮಗುವಿನ ಬಟ್ಟೆ, ಹಾಸಿಗೆ, ಹೊದಿಕೆಗಳಿಗೆ. ಮುಚ್ಚಿದ ಕೋಣೆಯಲ್ಲಿ ಕೂಸಿನ ಮುಖಕ್ಕೆ ಹೊಗೆ ಹಿಡಿಯಬೇಕೆಂಬ ಅರ್ಥ ಅದಕ್ಕಿಲ್ಲ. ಬಟ್ಟೆಗಳಿಗೆ ಅಂಗಳದಲ್ಲಿ ಧೂಪ ಹಿಡಿದು, ಹೊಗೆ ಆರಿದ ಮೇಲೆ ಒಳಗೆ ತನ್ನಿರಿ.

ದಿನಚರಿಯೂ ಮುಖ್ಯ. ಹಿರಿಯರು ಬೆಳಿಗ್ಗೆ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವ ಮುನ್ನ ಕದ, ಕಿಟಕಿ ತೆರೆದು, ಹಾಸಿಗೆಗಳನ್ನು ಬಿಸಿಲಿಗೆ ಹಾಕಲಿ. ಕೆಮ್ಮುವವರು ಮಕ್ಕಳಿಂದ ದೂರ, ಕಿಟಕಿಯ ಬಳಿ ಮಲಗಲಿ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆಯಾಗಲಿ. ನೀರಿನ ಹಂಡೆ, ಬ್ಯಾರಲ್‌ಗಳನ್ನು ವಾರಕ್ಕೊಮ್ಮೆ ತಿಕ್ಕಿ ಒಣಗಿಸಿ, ಮುಚ್ಚಿಡಿರಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮಾಡದಲ್ಲಾಗಲಿ ಮಂಚದ ಕೆಳಗಾಗಲಿ ಇಡದೆ ಹೊರಗೆ ಬೀಗದಲ್ಲಿಡಬೇಕು.

ಕೊನೆಯದಾಗಿ, ಕೆಮ್ಮುವ ಮಗುವಿನ ಉಸಿರನ್ನು ಅದು ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಸೆಳೆದರೆ, ಅಥವಾ ಕೂಸು ಹಾಲು ಬಿಟ್ಟರೆ, ನಮ್ಮ ಕಷಾಯಕ್ಕಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ದೊಡ್ಡ ಮನೆ ಕಟ್ಟುವುದು ಎಲ್ಲರಿಗೂ ಸಾಧ್ಯವಾಗದು. ಮುಚ್ಚಿದ ಬೆಳಕಿಂಡಿಯನ್ನು ತೆರೆಯುವುದು ಈ ಭಾನುವಾರವೇ ಆಗಬಹುದಾದ ಕೆಲಸ.